ಮಿದುಳಿನ ಬುಡದ ಬಳೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸುವರ್ಣ ಮಹೋತ್ಸವ ಸಮಿತಿಯ ಗೆಳೆಯರು ಕೇಳಿದಾಗ ನಾನು ಒಂದು ಷರತ್ತಿನ ಮೇಲೆ ಒಪ್ಪಿಕೊಂಡೆ. ಶಾಲೆಯ ನೆನಪುಗಳನ್ನು, ಬೆತ್ತದ ಏಟುಗಳನ್ನು, ಹುಣಸೆ ಮರದ ಕಥೆಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಹತ್ತು ಮಂದಿ ಇದ್ದಾರೆ. ನಾನು ಬರೆದರೆ ನನ್ನ ಕೆಲಸಕ್ಕೆ ಸಂಬಂಧಪಟ್ಟ ಒಬ್ಬ ಮನುಷ್ಯನ ಬಗ್ಗೆ ಬರೆಯುತ್ತೇನೆ ಎಂದೆ. ಈಗ ಒಂಬತ್ತು, ಹತ್ತನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳ ಕೈಗೂ ಈ ಪುಸ್ತಕ ಹೋಗುತ್ತದೆ ಎಂದು ತಿಳಿದ ಮೇಲೆ ಆ ಮನುಷ್ಯನ ಹೆಸರು ತಾನಾಗಿ ಮನಸ್ಸಿಗೆ ಬಂತು. ಅವನು ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್. ನಮ್ಮ ಶಾಲೆ ಶುರುವಾದ 1975ಕ್ಕೆ ಅವನು ತೀರಿಕೊಂಡು ಸರಿಯಾಗಿ 300 ವರ್ಷ ಆಗಿತ್ತು.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಎಂ.ಆರ್.ಐ. ತಂತ್ರಜ್ಞ. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಡಾಕ್ಟರಲ್ಲ; ರೋಗಿಯನ್ನು ಮೇಜಿನ ಮೇಲೆ ಮಲಗಿಸಿ, ಕಿವಿಗೆ ಹತ್ತಿ ಇಟ್ಟು, ಅಲುಗಾಡಬೇಡಿ ಎಂದು ಹೇಳಿ, ಗಾಜಿನ ಆಚೆ ಕುಳಿತು ಚಿತ್ರ ತೆಗೆಯುವವನು. ಚಿತ್ರ ನೋಡಿ ವರದಿ ಬರೆಯುವವರು ಬೇರೆ. ಆ ವರದಿಗಳಲ್ಲಿ ದಿನಕ್ಕೆ ನಾಲ್ಕಾರು ಬಾರಿಯಾದರೂ ವಿಲ್ಲಿಸ್ ಎಂಬ ಹೆಸರು ಬರುತ್ತದೆ. ಮಿದುಳಿನ ಬುಡದಲ್ಲಿ ರಕ್ತನಾಳಗಳು ಕೂಡಿ ಆಗಿರುವ ಒಂದು ಬಳೆಯಂಥ ರಚನೆಗೆ ಅವನ ಹೆಸರಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಯಾವುದೋ ಊರಿನ ಹೆಸರಿರಬೇಕು ಎಂದುಕೊಂಡಿದ್ದವರು ನಮ್ಮಲ್ಲಿ ಇದ್ದರು. ಆಮೇಲೆ ಒಬ್ಬ ಹಿರಿಯ ವೈದ್ಯರು ಕೊಟ್ಟ ಪುಸ್ತಕಗಳಿಂದ ಅವನ ಬದುಕು ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು.

ವಿಲ್ಲಿಸ್ ಹುಟ್ಟಿದ್ದು 1621ರ ಜನವರಿ 27ರಂದು, ವಿಲ್ಟ್‌ಶೈರ್ ಸೀಮೆಯ ಗ್ರೇಟ್ ಬೆಡ್ವಿನ್ ಎಂಬ ಹಳ್ಳಿಯಲ್ಲಿ. ಅವನು ಚಿಕ್ಕವನಿದ್ದಾಗಲೇ ಮನೆಯವರು ಆಕ್ಸ್‌ಫರ್ಡ್ ಪಟ್ಟಣದ ಮಗ್ಗುಲಿನ ನಾರ್ತ್ ಹಿಂಕ್ಸಿಗೆ ಬಂದರು. ಹತ್ತು ವರ್ಷಕ್ಕೆ ತಾಯಿ ಹೋದಳು. ಹುಡುಗ ಪಟ್ಟಣದ ಶಾಲೆಗೆ ಹೋಗಿ, ಹದಿನಾರರ ಸುಮಾರಿಗೆ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದ. ಓದಿನ ಖರ್ಚಿಗೆ ಅಲ್ಲಿನ ಒಬ್ಬ ಪಾದ್ರಿ ಥಾಮಸ್ ಐಲ್ಸ್ ಎಂಬವರ ಮನೆಯಲ್ಲಿ ಊಳಿಗ ಮಾಡಿಕೊಂಡಿದ್ದ. ನಮ್ಮಲ್ಲಿ ವಾರಾನ್ನ ಉಂಡು, ಮನೆಗೆಲಸ ಮಾಡಿಕೊಟ್ಟು ಓದಿದ ಹಿರಿಯರಿದ್ದಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಆ ಮನೆಯ ಯಜಮಾನಿಗೆ ಔಷಧಿ ತಯಾರಿಸುವುದು ಗೊತ್ತಿತ್ತು. ಊರವರಿಗೆ ಮದ್ದು ಕೊಡುತ್ತಿದ್ದಳು. ಬೇರು ಅರೆಯುವುದು, ಕಷಾಯ ಸೋಸುವುದು, ಭಟ್ಟಿ ಇಳಿಸುವುದು ಇವೆಲ್ಲ ವಿಲ್ಲಿಸ್‌ನ ಕೈಗೆ ಬಂದದ್ದು ಅಲ್ಲಿ. ಅವನ ಮೊದಲ ವೈದ್ಯಕೀಯ ಗುರು ಆ ಹೆಂಗಸೇ ಎಂದು ನನ್ನ ಲೆಕ್ಕ.

ಪಾದ್ರಿಯಾಗಬೇಕೆಂದಿದ್ದ ಹುಡುಗನ ದಾರಿ ತಪ್ಪಿಸಿದ್ದು ಯುದ್ಧ. 1642ರಲ್ಲಿ ರಾಜ ಒಂದನೇ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿಕೊಂಡಿತು. ರಾಜ ಆಕ್ಸ್‌ಫರ್ಡನ್ನೇ ರಾಜಧಾನಿ ಮಾಡಿಕೊಂಡ. ಪಟ್ಟಣದಲ್ಲಿ ಸೈನಿಕರು ತುಂಬಿದರು, ಅವರ ಹಿಂದೆಯೇ ಜ್ವರ ಬಂತು. 1643ರಲ್ಲಿ ವಿಲ್ಲಿಸ್‌ನ ತಂದೆಯೂ ಮಲತಾಯಿಯೂ ಆ ಜ್ವರಕ್ಕೆ ಬಲಿಯಾದರು. ಇಪ್ಪತ್ತೆರಡು ವರ್ಷದ ಹಿರಿಯ ಮಗನ ಮೇಲೆ ಮನೆಯ ಭಾರ ಬಿತ್ತು. ಅವನು ರಾಜನ ಕಡೆಯ ಪಡೆಗೆ ಸೇರಿ ಕೋವಿ ಹಿಡಿದ. ರಾಜನ ಕಡೆಯವರು ಸೋತರು. 1646ರ ಡಿಸೆಂಬರಿನಲ್ಲಿ ಅವನಿಗೆ ವೈದ್ಯಕೀಯದ ಪದವಿ ಸಿಕ್ಕಿತು. ಅದು ಕ್ರಮವಾಗಿ ಕೂತು ಓದಿ ಪಡೆದದ್ದಕ್ಕಿಂತ ರಾಜನಿಷ್ಠೆಗೆ ಸಿಕ್ಕ ಬಹುಮಾನವೇ ಹೆಚ್ಚು. ಹಳೆಯ ವೈದ್ಯ ಗ್ರಂಥಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡದೆ ಹೋದದ್ದು ಅವನಿಗೆ ಒಳ್ಳೆಯದೇ ಆಯಿತು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಕಣ್ಣಿಗೆ ಕಂಡದ್ದನ್ನು ನಂಬಲು ಅವನಿಗೆ ಅಡ್ಡಿಯಾಗಲಿಲ್ಲ.

ಆಳು ಮಧ್ಯಮ ಎತ್ತರ, ಕಡುಗೆಂಪು ಕೂದಲು. ಮಾತನಾಡುವಾಗ ತೊದಲುತ್ತಿದ್ದ. ಪದವಿ ಸಿಕ್ಕಿದ್ದರೂ ರೋಗಿಗಳು ಬರಲಿಲ್ಲ. ಇನ್ನೊಬ್ಬ ಬಡ ವೈದ್ಯನ ಜೊತೆ ಪಾಲಿನಲ್ಲಿ ಒಂದು ಕುದುರೆ ಇಟ್ಟುಕೊಂಡು ಅಬಿಂಗ್ಡನ್ ಸಂತೆಗೆ ಹೋಗಿ ಕೂರುತ್ತಿದ್ದ. ಸಂತೆಗೆ ಬಂದವರು ಸೀಸೆಯಲ್ಲಿ ತಂದ ಮೂತ್ರವನ್ನು ಬೆಳಕಿಗೆ ಹಿಡಿದು ನೋಡಿ ರೋಗ ಹೇಳುವುದು ಕೆಲಸ. ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಸಹೋದ್ಯೋಗಿಗಳಿಗೆ ಈ ಕಥೆ ಹೇಳಿದರೆ ಬಿದ್ದು ಬಿದ್ದು ನಗುತ್ತಾರೆ.

1650ರ ಡಿಸೆಂಬರ್ 14ರಂದು ಒಂದು ಘಟನೆ ನಡೆಯಿತು. ಆನ್ ಗ್ರೀನ್ ಎಂಬ, ಇಪ್ಪತ್ತೆರಡರ ಆಸುಪಾಸಿನ ಮನೆಗೆಲಸದ ಹೆಣ್ಣುಮಗಳನ್ನು ಆಕ್ಸ್‌ಫರ್ಡಿನಲ್ಲಿ ಗಲ್ಲಿಗೇರಿಸಿದರು. ಕೆಲಸಕ್ಕಿದ್ದ ದೊಡ್ಡ ಮನೆಯ ಯಜಮಾನನ ಮೊಮ್ಮಗನಿಂದ ಆಕೆ ಬಸುರಾಗಿದ್ದಳು. ದಿನ ತುಂಬುವ ಮೊದಲೇ ಸತ್ತು ಹುಟ್ಟಿದ ಕೂಸನ್ನು ಬಚ್ಚಿಟ್ಟಳೆಂದು ಕೊಲೆ ಆರೋಪ ಹೊರಿಸಿದ್ದರು. ಅರ್ಧ ಗಂಟೆ ಹಗ್ಗದಲ್ಲಿ ತೂಗಿದಳು. ಬೇಗ ಪ್ರಾಣ ಹೋಗಲಿ ಎಂದು ಅವಳ ಕಡೆಯವರೇ ಕಾಲು ಹಿಡಿದು ಜಗ್ಗಿದರು. ಗಲ್ಲಿಗೇರಿದವರ ದೇಹ ಕೊಯ್ದು ನೋಡುವ ಹಕ್ಕು ವಿಶ್ವವಿದ್ಯಾಲಯಕ್ಕಿತ್ತು. ಹಾಗಾಗಿ ಶವಪೆಟ್ಟಿಗೆಯನ್ನು ವಿಲಿಯಂ ಪೆಟ್ಟಿ ಎಂಬ ವೈದ್ಯನ ಮನೆಗೆ ತಂದಿಟ್ಟರು. ಪೆಟ್ಟಿಯೂ ವಿಲ್ಲಿಸ್‌ನೂ ಕೊಯ್ಯಲು ಸಿದ್ಧರಾಗಿ ಬಂದು ಮುಚ್ಚಳ ತೆಗೆದರೆ ಗಂಟಲಲ್ಲಿ ಗೊರಗೊರ ಸದ್ದು. ಕತ್ತಿ ಬದಿಗಿಟ್ಟು ಇಬ್ಬರೂ ಅವಳನ್ನು ಉಳಿಸಲು ಕೂತರು. ಬಿಸಿ ಪಾನೀಯ ಬಾಯಿಗೆ ಹಾಕಿದರು, ಕೈಕಾಲು ತಿಕ್ಕಿದರು, ಮೈ ಬೆಚ್ಚಗಾಗಲೆಂದು ಇನ್ನೊಬ್ಬ ಹೆಂಗಸನ್ನು ಜೊತೆಗೆ ಮಲಗಿಸಿದರು. ಹನ್ನೆರಡು ಗಂಟೆಯೊಳಗೆ ಆಕೆ ಮಾತಾಡಿದಳು. ಅವಳಿಗೆ ಕ್ಷಮಾದಾನವೂ ಸಿಕ್ಕಿತು. ಮುಂದೆ ಮದುವೆಯಾಗಿ ಮೂರು ಮಕ್ಕಳ ತಾಯಿಯಾದಳು. ಸುದ್ದಿ ದೇಶವೆಲ್ಲ ಹಬ್ಬಿ ಇಬ್ಬರು ವೈದ್ಯರಿಗೂ ಹೆಸರು ಬಂತು. ಮಿದುಳಿಗೆ ರಕ್ತ ನಿಂತರೆ ಏನಾಗುತ್ತದೆ, ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಎಂಬ ಪ್ರಶ್ನೆ ವಿಲ್ಲಿಸ್‌ನ ತಲೆಗೆ ಅಂದೇ ಬಂತೋ ಇಲ್ಲವೋ, ಅವನು ಬರೆದಿಟ್ಟಿಲ್ಲ. ಬಂದಿರಬೇಕು ಎಂದು ನನಗನ್ನಿಸುತ್ತದೆ.

ನಡುವಿನ ಹತ್ತು ವರ್ಷವನ್ನು ಬೇಗ ದಾಟಿಬಿಡುತ್ತೇನೆ. ಮನೆಯಲ್ಲಿ ಗುಟ್ಟಾಗಿ ನಿಷೇಧಿತ ಪೂಜೆ ನಡೆಸಿಕೊಂಡು, ಕಾಲೇಜಿನ ಡೀನರ ಮಗಳು ಮೇರಿ ಫೆಲ್‌ಳನ್ನು 1657ರಲ್ಲಿ ಮದುವೆಯಾಗಿ, ನಿಧಾನಕ್ಕೆ ಊರಿನ ದೊಡ್ಡ ವೈದ್ಯನಾದ. ರಾಬರ್ಟ್ ಹುಕ್ ಎಂಬ ಬಡ ಹುಡುಗ ಕೆಲಕಾಲ ಅವನ ಹತ್ತಿರ ಸಹಾಯಕನಾಗಿದ್ದ. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ಕಂಡವನೆಂದು ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹೆಸರು ಬರೆದಿದ್ದರಲ್ಲ, ಅದೇ ಹುಕ್. 1660ರಲ್ಲಿ ರಾಜನ ಮಗ ಪಟ್ಟಕ್ಕೆ ಮರಳಿದ. ನಿಷ್ಠರಾಗಿದ್ದವರಿಗೆ ಹುದ್ದೆಗಳು ಸಿಕ್ಕವು. ವಿಲ್ಲಿಸ್ ಆಕ್ಸ್‌ಫರ್ಡಿನಲ್ಲಿ ಪ್ರಕೃತಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾದ. ತೊದಲು ಮಾತಿನ ಮನುಷ್ಯ ವಾರಕ್ಕೆ ಎರಡು ಉಪನ್ಯಾಸ ಕೊಡಬೇಕಾಯಿತು. ಕೇಳಿ ಟಿಪ್ಪಣಿ ಮಾಡಿಕೊಂಡವರಲ್ಲಿ ಮುಂದೆ ತತ್ತ್ವಜ್ಞಾನಿಯೆಂದು ಪ್ರಸಿದ್ಧನಾದ ಜಾನ್ ಲಾಕ್ ಕೂಡ ಇದ್ದ.

ಉಪನ್ಯಾಸಕ್ಕೆ ನಿಂತ ಮೇಲೆ ತನಗೆ ಮಿದುಳಿನ ಬಗ್ಗೆ ಎಷ್ಟು ಕಡಿಮೆ ಗೊತ್ತು ಎನ್ನುವುದು ಅವನಿಗೆ ಹೊಳೆಯಿತು. ಪುಸ್ತಕ ಮುಚ್ಚಿಟ್ಟು ಕೊಯ್ಯಲು ಕುಳಿತ. ಅಲ್ಲಿಯವರೆಗೆ ಬಹುಪಾಲು ಜನ ಮಿದುಳನ್ನು ತಲೆಬುರುಡೆಯಲ್ಲೇ ಇಟ್ಟು, ಮೇಲಿನಿಂದ ಬದನೆಕಾಯಿ ಹೋಳು ಮಾಡಿದಂತೆ ಹೋಳು ಮಾಡುತ್ತ ಇಳಿಯುತ್ತಿದ್ದರು. ಬುಡ ತಲುಪುವ ಹೊತ್ತಿಗೆ ಎಲ್ಲ ಕಲಸಿಹೋಗಿರುತ್ತಿತ್ತು. ವಿಲ್ಲಿಸ್ ಮಿದುಳನ್ನು ಇಡಿಯಾಗಿ ಹೊರತೆಗೆದು, ಮಗುಚಿ ಹಾಕಿ, ಬುಡದಿಂದ ನೋಡಿದ. ಕೊಯ್ಯುವುದರಲ್ಲಿ ಕೈಚಳಕ ಇದ್ದದ್ದು ಅವನಿಗಿಂತ ರಿಚರ್ಡ್ ಲೋವರ್ ಎಂಬ ಕಿರಿಯ ವೈದ್ಯನಿಗೆ. ಚಿತ್ರ ಬರೆದುಕೊಟ್ಟವನು ಖಗೋಳದ ಪ್ರಾಧ್ಯಾಪಕ ಕ್ರಿಸ್ಟೋಫರ್ ರೆನ್. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿಸಿದ ರೆನ್ ಇವನೇ. ಆಗ ಅವನಿಗೆ ಮೂವತ್ತು ದಾಟಿತ್ತಷ್ಟೆ. 1664ರಲ್ಲಿ ಲ್ಯಾಟಿನ್ನಿನಲ್ಲಿ ಅಚ್ಚಾದ ಆ ಪುಸ್ತಕದ ಹೆಸರು ಸೆರೆಬ್ರಿ ಅನಾಟಮೆ, ಎಂದರೆ ಮಿದುಳಿನ ಅಂಗರಚನೆ. ಲೋವರ್‌ನೂ ರೆನ್‌ನೂ ಮಾಡಿದ ಉಪಕಾರವನ್ನು ವಿಲ್ಲಿಸ್ ಪುಸ್ತಕದ ಮೊದಲಲ್ಲೇ ಹೆಸರು ಹಿಡಿದು ಹೇಳಿದ್ದಾನೆ. ಕೆಳಗಿನವರ ಕೆಲಸಕ್ಕೆ ಮೇಲಿನವರು ಸಹಿ ಹಾಕುವುದನ್ನು ಬಹಳ ನೋಡಿದ ನನಗೆ ಇದು ಸಣ್ಣ ಸಂಗತಿ ಎನಿಸುವುದಿಲ್ಲ.

ಮಿದುಳಿನ ಬುಡದಲ್ಲಿ ಅವನು ಕಂಡದ್ದನ್ನು ಹೇಳುತ್ತೇನೆ. ಮಿದುಳಿಗೆ ರಕ್ತ ತರುವ ಮುಖ್ಯ ಅಪಧಮನಿಗಳು ನಾಲ್ಕು. ಕತ್ತಿನ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕ್ಯಾರೋಟಿಡ್. ಬೆನ್ನುಮೂಳೆಯ ಸಂದಿನಲ್ಲಿ ಏರಿ ಬರುವ ವರ್ಟಿಬ್ರಲ್ ಎರಡು. ಹಿಂದಿನ ಎರಡೂ ಕೂಡಿ ಒಂದಾಗುತ್ತವೆ. ಆಮೇಲೆ ಹಿಂದಿನದು, ಮುಂದಿನವು ಎಲ್ಲ ಸಣ್ಣ ಸಣ್ಣ ಸೇತುವೆ ನಾಳಗಳಿಂದ ಒಂದಕ್ಕೊಂದು ಸೇರಿಕೊಂಡು ಬಳೆಯಾಗುತ್ತವೆ. ಆ ಬಳೆಯಿಂದ ಮಿದುಳಿನ ಎಲ್ಲ ಕಡೆಗೂ ಕವಲು ಹೊರಡುತ್ತದೆ. ಈ ಬಳೆಯನ್ನು ಅವನಿಗಿಂತ ಮೊದಲು ನೋಡಿದವರು, ಬರೆದವರು ಇದ್ದರು. 1658ರಲ್ಲಿ ಸ್ವಿಟ್ಜರ್ಲೆಂಡಿನ ವೆಪ್ಫರ್ ಪಾರ್ಶ್ವವಾಯುವಿನ ಬಗ್ಗೆ ಬರೆದ ಪುಸ್ತಕದಲ್ಲೂ ಈ ನಾಳಗಳ ವಿವರ ಇದೆ. ಬಳೆ ಯಾಕಿದೆ ಎಂದು ಕೇಳಿ ಉತ್ತರ ಹುಡುಕಿದ್ದು ವಿಲ್ಲಿಸ್‌ನ ದೊಡ್ಡತನ.

ಉತ್ತರಕ್ಕೆ ಅವನು ಶಾಯಿಯ ಮೊರೆಹೊಕ್ಕ. ಬಣ್ಣದ ದ್ರವವನ್ನು ಒಂದು ಕಡೆಯ ಕ್ಯಾರೋಟಿಡ್ಡಿಗೆ ಹಿಚಕಾರಿಯಿಂದ ತುಂಬಿದ. ಅದು ಅದೇ ಪಕ್ಕದ ಮಿದುಳಿಗೆ ಮಾತ್ರ ಹೋಗದೆ ಬಳೆ ಸುತ್ತಿ ಇನ್ನೊಂದು ಪಕ್ಕದ ನಾಳದಲ್ಲೂ ಹಿಂದಿನ ನಾಳದಲ್ಲೂ ಕಾಣಿಸಿಕೊಂಡಿತು. ಅಂದರೆ ಒಂದು ಬಾಗಿಲು ಮುಚ್ಚಿದರೆ ಉಳಿದ ಬಾಗಿಲುಗಳಿಂದ ನೀರು ಬರುವ ವ್ಯವಸ್ಥೆ. ಇದೇ ಮಾತನ್ನು ಖಚಿತಪಡಿಸಿಕೊಳ್ಳಲು ಜೀವಂತ ನಾಯಿಯ ಎರಡೂ ಕ್ಯಾರೋಟಿಡ್ ಕಟ್ಟಿಹಾಕಿ ನೋಡಿದ, ಅದು ಬದುಕಿ ಓಡಾಡಿಕೊಂಡಿತ್ತು. ಆ ಕಾಲದಲ್ಲಿ ಅರಿವಳಿಕೆ ಇರಲಿಲ್ಲ. ಆ ಪುಟ ಓದುವುದು ನನಗೆ ಕಷ್ಟ.

ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅವನು ವಿವರಿಸಿದ ಒಬ್ಬ ಹೆಸರಿಲ್ಲದ ಮನುಷ್ಯ. ಹೊಟ್ಟೆಯ ಗಡ್ಡೆಯಿಂದ ಸತ್ತವನು. ತೆರೆದು ನೋಡಿದರೆ ಬಲಗಡೆಯ ಕ್ಯಾರೋಟಿಡ್ ತಲೆಬುರುಡೆಯೊಳಗೆ ಕಲ್ಲಿನಂತೆ ಗಟ್ಟಿಯಾಗಿ ಹೆಚ್ಚುಕಡಿಮೆ ಪೂರಾ ಮುಚ್ಚಿಹೋಗಿತ್ತು. ಆದರೂ ಬದುಕಿರುವಾಗ ಅವನಿಗೆ ಪಾರ್ಶ್ವವಾಯು ಬಡಿದಿರಲಿಲ್ಲ. ಅದೇ ಪಕ್ಕದ ವರ್ಟಿಬ್ರಲ್ ನಾಳ ಇನ್ನೊಂದು ಪಕ್ಕದ್ದಕ್ಕಿಂತ ಮೂರು ಪಟ್ಟು ದಪ್ಪವಾಗಿ ಬೆಳೆದು ಮುಚ್ಚಿದ ಬಾಗಿಲಿನ ಕೆಲಸವನ್ನೂ ಮಾಡುತ್ತಿತ್ತು. ಇಷ್ಟು ತಿಳಿಯಲು ಆ ಮನುಷ್ಯ ಸಾಯಬೇಕಾಯಿತು. ನನ್ನ ಈಗಿನ ಕೆಲಸವೆಲ್ಲ ಇದನ್ನೇ ಬದುಕಿರುವಾಗ, ಸೂಜಿ ಚುಚ್ಚದೆ ತಿಳಿಯುವ ಪ್ರಯತ್ನ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ದನಕ್ಕೆ ಹುಲ್ಲು ಹಾಕುವಾಗ ಬಲಗೈ ಸೋತಿತು, ಬಾಯಿ ಸೊಟ್ಟಗಾಯಿತು. ಊರವರೆಲ್ಲ ಸೇರಿ ಲಕ್ವಕ್ಕೆ ಔಷಧಿ ಕೊಡುವವರ ಹತ್ತಿರ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋದರು. ಮೂರನೆಯ ದಿನ ಆಸ್ಪತ್ರೆ ಸೇರಿದಾಗ ಡಾಕ್ಟರು ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿ, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಮಿದುಳಿನ ಯಾವ ಭಾಗಕ್ಕೆ ರಕ್ತ ನಿಂತಿದೆ, ಎಷ್ಟು ಭಾಗ ಸತ್ತಿದೆ, ಎಷ್ಟು ಭಾಗ ಇನ್ನೂ ಉಸಿರು ಹಿಡಿದು ಕಾಯುತ್ತಿದೆ ಎಂದು ನೋಡುವ ಸಾಧನ ಆಗ ನಮ್ಮ ಸುತ್ತಮುತ್ತ ಎಲ್ಲೂ ಇರಲಿಲ್ಲ. ಅಪ್ಪ ಹನ್ನೊಂದು ವರ್ಷ ಬದುಕಿದರು. ಬಲಗೈ ಕೊನೆಯವರೆಗೂ ಬರಲಿಲ್ಲ. ಈಗಿನ ಮಕ್ಕಳಿಗೆ ಒಂದು ಮಾತು ಹೇಳಿಬಿಡುತ್ತೇನೆ: ಮನೆಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು ತಕ್ಷಣ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ದೇಹಕ್ಕೆ ಬೇಕಾದ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಆಸುಪಾಸಿಗೆ ಇಳಿದರೆ ಆ ಭಾಗ ಕೆಲಸ ನಿಲ್ಲಿಸುತ್ತದೆ, ಆದರೆ ಕೆಲವು ಹೊತ್ತು ಜೀವ ಹಿಡಿದಿರುತ್ತದೆ. 10ರ ಸುಮಾರಿಗೆ ಇಳಿದರೆ ಬೇಗನೆ ಸಾಯುತ್ತದೆ. ಹಾಗಾದರೆ ಈ ಹರಿವನ್ನು ಅಳೆಯುವುದು ಹೇಗೆ? 1945ರಲ್ಲಿ ಅಮೆರಿಕದ ಕೆಟಿ ಮತ್ತು ಶ್ಮಿಟ್ ಎಂಬವರು ಮನುಷ್ಯರಲ್ಲಿ ಅಳೆಯುವ ಒಂದು ದಾರಿ ತೋರಿಸಿದರು. ರೋಗಿ ಹತ್ತು ನಿಮಿಷ ನೈಟ್ರಸ್ ಆಕ್ಸೈಡ್ ಬೆರೆಸಿದ ಗಾಳಿ ಉಸಿರಾಡಬೇಕು. ಅಪಧಮನಿಯಿಂದಲೂ ಕುತ್ತಿಗೆಯ ಅಭಿಧಮನಿಯಿಂದಲೂ ಮತ್ತೆ ಮತ್ತೆ ರಕ್ತ ತೆಗೆಯಬೇಕು. ಇಡೀ ಮಿದುಳಿಗೆ ಸರಾಸರಿ ಲೆಕ್ಕ ಸಿಗುತ್ತಿತ್ತು, ಯಾವ ಮೂಲೆಯಲ್ಲಿ ಬರ ಎಂದು ಗೊತ್ತಾಗುತ್ತಿರಲಿಲ್ಲ. ಎಂ.ಆರ್.ಐ. ಬಂದ ಮೇಲೆ ಗ್ಯಾಡೋಲಿನಿಯಂ ಎಂಬ ಲೋಹದ ಚುಚ್ಚುಮದ್ದು ಕೊಟ್ಟು ಅದು ಮಿದುಳಿನಲ್ಲಿ ಹಾದುಹೋಗುವುದನ್ನು ನೋಡುವುದು ಬಳಕೆಗೆ ಬಂತು. ಈಗಲೂ ಇದೆ, ಒಳ್ಳೆಯ ವಿಧಾನವೇ. ಆದರೆ ಮೂತ್ರಪಿಂಡ ತೀರಾ ಕೆಟ್ಟವರಲ್ಲಿ ಅದರ ಕೆಲವು ಬಗೆಗಳು ಚರ್ಮ ಕಲ್ಲಾಗುವಂಥ ಭಾರಿ ತೊಂದರೆ ತರಬಹುದು ಎಂದು 2006ರ ಸುಮಾರಿಗೆ ಗೊತ್ತಾಯಿತು. ಸಕ್ಕರೆ ಕಾಯಿಲೆಯವರಿಗೇ ಪಾರ್ಶ್ವವಾಯು ಹೆಚ್ಚು, ಅವರಿಗೇ ಮೂತ್ರಪಿಂಡದ ತೊಂದರೆಯೂ ಹೆಚ್ಚು. ಅವರಿಗೆ ಏನು ಮಾಡುವುದು?

ಇಲ್ಲಿ ವಿಲ್ಲಿಸ್‌ನ ಶಾಯಿ ಬೇರೆ ವೇಷದಲ್ಲಿ ಮರಳಿ ಬಂತು. ರಕ್ತದಲ್ಲಿ ನೀರಿದೆ, ನೀರಿನಲ್ಲಿ ಹೈಡ್ರೋಜನ್ ಇದೆ. ಆ ಹೈಡ್ರೋಜನ್ನಿನ ಬೀಜಗಳು ಪುಟ್ಟ ದಿಕ್ಸೂಚಿ ಮುಳ್ಳುಗಳಿದ್ದಂತೆ. ನಮ್ಮ ಯಂತ್ರದ ದೊಡ್ಡ ಅಯಸ್ಕಾಂತದೊಳಗೆ ಹೋದಾಗ ಒಂದು ದಿಕ್ಕಿಗೆ ವಾಲುತ್ತವೆ. ಕತ್ತಿನ ಹತ್ತಿರ ರೇಡಿಯೋ ಅಲೆ ಬಿಟ್ಟರೆ ಅಲ್ಲಿ ಹರಿದುಹೋಗುವ ರಕ್ತದ ಮುಳ್ಳುಗಳಷ್ಟೇ ತಲೆಕೆಳಗಾಗುತ್ತವೆ. ಗುರುತು ಹಾಕಿದ ಹಾಗೆ. ಎರಡು ಸೆಕೆಂಡು ಕಾದು, ಆ ರಕ್ತ ಮಿದುಳು ಮುಟ್ಟಿದ ಮೇಲೆ ಒಂದು ಚಿತ್ರ. ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು ಆ ಎರಡು ಸೆಕೆಂಡಿನಲ್ಲಿ ಬಂದ ರಕ್ತ ಮಾತ್ರ. ವ್ಯತ್ಯಾಸ ನೂರಕ್ಕೆ ಒಂದರಷ್ಟು ಇರುತ್ತದೆ, ಅದಕ್ಕೇ ಹತ್ತಾರು ಜೋಡಿ ಚಿತ್ರ ತೆಗೆದು ಸರಾಸರಿ ಮಾಡುತ್ತೇವೆ. ನಾಲ್ಕೈದು ನಿಮಿಷದ ಕೆಲಸ. ಸೂಜಿ ಇಲ್ಲ, ಔಷಧಿ ಇಲ್ಲ, ವಿಕಿರಣ ಇಲ್ಲ. 1992ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಮೊದಲು ಇಲಿಯ ಮಿದುಳಿನಲ್ಲಿ ಮಾಡಿ ತೋರಿಸಿದರು. ನಾವು ಇದಕ್ಕೆ ಎ.ಎಸ್.ಎಲ್. ಎನ್ನುತ್ತೇವೆ. ಬಳೆಯ ಆಕಾರ ನೋಡಲೂ ಈಗ ಚುಚ್ಚುಮದ್ದು ಬೇಕಿಲ್ಲ. ಹರಿಯುವ ರಕ್ತ ನಿಂತ ಮಾಂಸಕ್ಕಿಂತ ಬೆಳ್ಳಗೆ ಕಾಣುವಂತೆ ಮಾಡುವ ಇನ್ನೊಂದು ವಿಧಾನ ಇದೆ. ಅದರಲ್ಲಿ ನೋಡಿದಾಗ, ವಿಲ್ಲಿಸ್ ಬರೆದಂಥ ಪೂರ್ತಿ ಬಳೆ ಅರ್ಧಕ್ಕರ್ಧ ಜನರಲ್ಲೂ ಇರುವುದಿಲ್ಲ. ಎಲ್ಲೋ ಒಂದು ಸೇತುವೆ ಸಣಕಲಾಗಿರುತ್ತದೆ ಅಥವಾ ಇರುವುದೇ ಇಲ್ಲ. ಕತ್ತಿನ ನಾಳ ಮುಚ್ಚಿದಾಗ ಒಬ್ಬ ಎದ್ದು ಓಡಾಡುವುದಕ್ಕೂ ಇನ್ನೊಬ್ಬ ಹಾಸಿಗೆ ಹಿಡಿಯುವುದಕ್ಕೂ ಎಷ್ಟೋ ಸಲ ಇದು ಕಾರಣ.

ಈ ವಿಧಾನಕ್ಕೆ ಒಂದು ಕುಂದಿದೆ. ಗುರುತು ಶಾಯಿಯಂತೆ ಉಳಿಯುವುದಿಲ್ಲ, ಕ್ಷಣಕ್ಷಣಕ್ಕೂ ಅಳಿಸುತ್ತ ಹೋಗುತ್ತದೆ. ಮುಖ್ಯ ನಾಳ ಮುಚ್ಚಿ ರಕ್ತ ಬಳೆ ಸುತ್ತಿ ಬಳಸು ದಾರಿಯಲ್ಲಿ ಬಂದರೆ ತಡವಾಗುತ್ತದೆ. ನಾವು ಚಿತ್ರ ತೆಗೆಯುವ ಹೊತ್ತಿಗೆ ಅದು ಇನ್ನೂ ದಾರಿಯಲ್ಲಿರುತ್ತದೆ. ಚಿತ್ರದಲ್ಲಿ ಆ ಜಾಗ ಕಪ್ಪು. ನೋಡಿದವರು ಅಲ್ಲಿ ರಕ್ತವೇ ಇಲ್ಲ ಎಂದುಕೊಳ್ಳಬಹುದು. ಪಾರ್ಶ್ವವಾಯುವಿನ ರೋಗಿಗಳಲ್ಲೇ ಈ ವಿಧಾನ ಹೆಚ್ಚು ಬೇಕು, ಅವರಲ್ಲೇ ಅದು ಹೆಚ್ಚು ದಾರಿ ತಪ್ಪಿಸುತ್ತದೆ. ಅದಕ್ಕೇ ಬೇರೆ ಬೇರೆ ಹೊತ್ತು ಕಾದು ಹಲವು ಚಿತ್ರ ತೆಗೆಯಬೇಕು.

ಕೆಲವು ವರ್ಷದ ಹಿಂದೆ ಅರವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ಬಂದಿದ್ದರು. ಸಕ್ಕರೆ ಕಾಯಿಲೆ, ಮೂತ್ರಪಿಂಡವೂ ಸೋತಿತ್ತು. ಎರಡು ಸಲ ಎಡಗೈ ಹತ್ತು ನಿಮಿಷ ಜೋಮು ಹಿಡಿದಂತಾಗಿ ಸರಿಹೋಗಿತ್ತಂತೆ. ಬಳೆಯ ಚಿತ್ರ ತೆಗೆದರೆ ಬಲಗಡೆಯ ಕ್ಯಾರೋಟಿಡ್ ಕಾಣಲೇ ಇಲ್ಲ, ಪೂರಾ ಮುಚ್ಚಿತ್ತು. ಎ.ಎಸ್.ಎಲ್. ಮಾಡಿದೆ: ಬಲಭಾಗದಲ್ಲಿ ಅಂಗೈಯಗಲ ಕಪ್ಪು. ಮಗ ಗಾಜಿನ ಆಚೆ ನಿಂತು, ಏನಣ್ಣ, ಅಪ್ಪಾಜಿಗೆ ಆಪರೇಷನ್ ಬೇಕಾಗುತ್ತಾ ಎಂದು ಕೇಳುತ್ತಲೇ ಇದ್ದ. ರೇಡಿಯಾಲಜಿಸ್ಟ್ ಡಾಕ್ಟರು ಬಂದು ನೋಡಿ ಕಾಯುವ ಹೊತ್ತು ಹೆಚ್ಚಿಸಿ ಮತ್ತೆ ತೆಗೆಯಿರಿ ಎಂದರು. ಮೂರು ಸೆಕೆಂಡಿನ ಮೇಲೆ ಕಾದು ತೆಗೆದ ಚಿತ್ರದಲ್ಲಿ ಆ ಕಪ್ಪು ಜಾಗಕ್ಕೆ ಬಣ್ಣ ಏರಿತು. ರಕ್ತ ಬರುತ್ತಿತ್ತು, ಎಡಗಡೆಯಿಂದಲೂ ಹಿಂದಿನಿಂದಲೂ ಸುತ್ತಿಕೊಂಡು, ತಡವಾಗಿ. ನರರೋಗದ ಡಾಕ್ಟರು ಆಪರೇಷನ್ ಬೇಡ, ರಕ್ತ ತೆಳುವಾಗಿಸುವ ಮಾತ್ರೆ ಸಾಕು, ಆದರೆ ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಬಾರದು ಎಂದು ತೀರ್ಮಾನಿಸಿದರು. ಒತ್ತಡ ಇಳಿದರೆ ಬಳಸು ದಾರಿಯಲ್ಲಿ ಬರುವ ರಕ್ತ ಮೊದಲು ನಿಲ್ಲುತ್ತದೆ. ಮುಂದಿನ ವರ್ಷ ಪರೀಕ್ಷೆಗೆ ಬಂದಾಗ ಅವರು ಎರಡೂ ಕೈಯಿಂದ ಒಂದು ಗೊನೆ ಬಾಳೆಹಣ್ಣು ಹೊತ್ತು ತಂದಿದ್ದರು. ವಿಲ್ಲಿಸ್ ಕೊಯ್ದು ನೋಡಿದ ಆ ಹೆಸರಿಲ್ಲದ ಮನುಷ್ಯನ ಬಲಗಡೆಯ ನಾಳವೇ ಮುಚ್ಚಿತ್ತು ಎಂಬುದು ನನಗೆ ಅಂದು ನೆನಪಾಯಿತು.

ವಿಲ್ಲಿಸ್‌ನ ಸಿದ್ಧಾಂತಗಳು ಬಹುಮಟ್ಟಿಗೆ ಬಿದ್ದುಹೋಗಿವೆ. ಮಿದುಳು ರಕ್ತದಿಂದ ಜೀವಚೈತನ್ಯವನ್ನು ಭಟ್ಟಿ ಇಳಿಸುತ್ತದೆ, ಅದು ನರಗಳಲ್ಲಿ ಹರಿಯುತ್ತದೆ ಎಂದು ನಂಬಿದ್ದ. ರೋಗಿಗಳಿಗೆ ರಕ್ತ ತೆಗೆಯುವುದು, ವಾಂತಿ ಮಾಡಿಸುವುದು ಎಲ್ಲರಂತೆ ಅವನೂ ಮಾಡಿದ. ಕಣ್ಣಿನಿಂದ ನೋಡಿ ಬರೆದದ್ದು ಮಾತ್ರ ಉಳಿಯಿತು. ನೆನಪು, ಯೋಚನೆ ಇರುವುದು ಮಿದುಳಿನ ಟೊಳ್ಳುಗಳಲ್ಲಲ್ಲ, ಅದರ ತಿರುಳಿನಲ್ಲಿ ಎಂದ. ತಲೆಯ ನರಗಳಿಗೆ ಅವನು ಕೊಟ್ಟ ಸಂಖ್ಯೆಗಳು ನೂರು ವರ್ಷಕ್ಕೂ ಮೇಲೆ ಬಳಕೆಯಲ್ಲಿದ್ದವು. ನರವಿಜ್ಞಾನಕ್ಕೆ ಇಂಗ್ಲಿಷಿನಲ್ಲಿ ಇರುವ ನ್ಯೂರಾಲಜಿ ಎಂಬ ಮಾತೂ ಅವನದೇ. ಬಳೆಗೆ ಅವನ ಹೆಸರಿಟ್ಟವನು ಹದಿನೆಂಟನೆಯ ಶತಮಾನದ ಹಾಲರ್.

1666ರ ಮಹಾ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ಮರುವರ್ಷ ವಿಲ್ಲಿಸ್ ಅಲ್ಲಿಗೆ ಹೋಗಿ ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಮನೆ ಮಾಡಿದ. ಅಬಿಂಗ್ಡನ್ ಸಂತೆಯಲ್ಲಿ ಸೀಸೆ ಹಿಡಿದವನು ಲಂಡನ್ನಿನ ಅತಿ ಹೆಚ್ಚು ಸಂಪಾದನೆಯ ವೈದ್ಯರಲ್ಲಿ ಒಬ್ಬನಾದ. ಹಳೆಯ ಅಭ್ಯಾಸ ಬಿಡಲಿಲ್ಲ. ಅತಿಮೂತ್ರದ ರೋಗಿಗಳ ಮೂತ್ರವನ್ನು ರುಚಿ ನೋಡಿ, ಅದು ಜೇನು ಸಕ್ಕರೆ ಬೆರೆಸಿದಷ್ಟು ಸಿಹಿ ಎಂದು 1674ರಲ್ಲಿ ಅಚ್ಚಾದ ಪುಸ್ತಕದಲ್ಲಿ ಬರೆದ. ನಮ್ಮ ಸುಶ್ರುತ, ಚರಕ ಸಂಹಿತೆಗಳಲ್ಲಿ ಮಧುಮೇಹ ಎಂಬ ಹೆಸರೇ ಇರುವುದರಿಂದ ಇದು ನಮಗೆ ಹೊಸ ಮಾತಲ್ಲ, ಯುರೋಪಿನವರಿಗೆ ಹೊಸದು. ಮಿದುಳಿನ ರಕ್ತನಾಳಗಳನ್ನು ಕಂಡವನೇ ಅವನ್ನು ಕೆಡಿಸುವ ಕಾಯಿಲೆಯ ಗುರುತನ್ನೂ ಕಂಡ, ಎರಡಕ್ಕೂ ಸಂಬಂಧ ಇದೆ ಎಂದು ಅವನಿಗೆ ತಿಳಿಯುವ ದಾರಿ ಇರಲಿಲ್ಲ.

ಹೆಂಡತಿ ಮೇರಿ 1670ರಲ್ಲಿ ತೀರಿಕೊಂಡಳು. ಎರಡು ವರ್ಷದ ಮೇಲೆ ಇನ್ನೊಂದು ಮದುವೆಯಾದ. 1675ರ ನವೆಂಬರಿನಲ್ಲಿ ಕೆಮ್ಮು ಹಿಡಿದು ಎದೆಗೆ ಇಳಿಯಿತು. ನವೆಂಬರ್ 11ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಮಣ್ಣು ಮಾಡಿದರು. ಔಷಧಿಗಳ ಬಗ್ಗೆ ಬರೆಯುತ್ತಿದ್ದ ಅವನ ಕೊನೆಯ ಪುಸ್ತಕದ ಎರಡನೆಯ ಭಾಗ ಅವನು ಹೋದ ಮೇಲೆ ಅಚ್ಚಾಯಿತು.